ರಿವೆಟ್ ಸದ್ದು ನಿಂತ ಮೇಲೆ

ಎರಡು ಸಾವಿರದ ಆಸುಪಾಸಿನಲ್ಲಿ ನಾನು ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿದ್ದೆ. ನಾನು ಅರಸೀಕೆರೆಯವನು. ನನ್ನ ಜೊತೆಗಾರ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವನು. ಅಲ್ಯೂಮಿನಿಯಂ ಹಾಳೆಗಳಿಗೆ ರಿವೆಟ್ ಹೊಡೆದು ಜೋಡಿಸುವುದು ನಮ್ಮ ಕೆಲಸ. ಅವನು ಹೊರಗಿನಿಂದ ಗನ್ ಒತ್ತುತ್ತಿದ್ದ, ನಾನು ಒಳಗಿನಿಂದ ಕಬ್ಬಿಣದ ಗಟ್ಟಿ ಆನಿಸಿ ಹಿಡಿಯುತ್ತಿದ್ದೆ. ಊಟಕ್ಕೆ ಕೂತಾಗಲೂ ಆ ಸದ್ದು ತಲೆಯೊಳಗೆ ಗುಂಯ್‌ಗುಡುತ್ತಿತ್ತು. ಕಿವಿಗೆ ಕೊಟ್ಟಿದ್ದ ಮುಚ್ಚಳಗಳನ್ನು ಅವನು ಸೆಕೆಯೆಂದು ಕುತ್ತಿಗೆಗೆ ಇಳಿಬಿಟ್ಟಿರುತ್ತಿದ್ದ.

ಶನಿವಾರ ಸಂಜೆ ಒಂದೇ ರೈಲಿನಲ್ಲಿ ಊರಿಗೆ ಹೋಗುತ್ತಿದ್ದೆವು. ಅವನಿಗೆ ಆಗತಾನೆ ಮಗಳು ಹುಟ್ಟಿದ್ದಳು. ಒಮ್ಮೆ, ತಿಪಟೂರು ದಾಟಿದ ಮೇಲೆ, "ಮಗೂಗೆ ಏನು ಹೆಸರಿಟ್ರಿ?" ಎಂದೆ. ಅವನು ಸುಮ್ಮನೆ ನಕ್ಕ. ಮತ್ತೆ ಕೇಳಿದೆ, ಮತ್ತೆ ನಕ್ಕ. ನನ್ನ ಮುಖ ನೋಡಿ ಅವನ ನಗು ಆರಿತು. ಕಿವಿ ಮುಟ್ಟಿ ತೋರಿಸಿ, ಕೇಳುವುದಿಲ್ಲವೆಂಬಂತೆ ತಲೆಯಾಡಿಸಿದ.

"ಯಾರ್‍ಗೂ ಹೇಳ್ಬ್ಯಾಡ ಕಣೋ," ಎಂದ.

ನಾನು ಹೇಳಲಿಲ್ಲ. ಅಷ್ಟರಲ್ಲಿ ಹೊಸ ಯಂತ್ರ ಬಂತು. ಗಿರಗಿರ ತಿರುಗುವ ಉಕ್ಕಿನ ಗೂಟವೊಂದು ಎರಡು ಹಾಳೆಗಳ ಸಂದಿಗೆ ಇಳಿದು, ಉಜ್ಜಿದ ಬಿಸಿಯಲ್ಲಿ ಲೋಹವನ್ನು ಕರಗಿಸದೆಯೇ ಮೆತ್ತಗಾಗಿಸಿ, ಹಿಟ್ಟಿನಂತೆ ಕಲಸಿ ಬೆಸೆಯುತ್ತ ಸಾಗುತ್ತಿತ್ತು. ತೂತು ಬೇಡ, ರಿವೆಟ್ ಬೇಡ; ತೂಕ ಕಮ್ಮಿ, ಖರ್ಚು ಕಮ್ಮಿ. ಉಳಿದ ಆ ಖರ್ಚಿನಲ್ಲಿ ನಮ್ಮಂಥವರ ಸಂಬಳವೂ ಸೇರಿತ್ತು. ಯಂತ್ರಕ್ಕೆ ಕೆಲವರನ್ನು ಆರಿಸುವ ಮುಂಚೆ ಕಿವಿ ಪರೀಕ್ಷೆ ಮಾಡಿಸಿದರು. ನಾನು ಉಳಿದೆ. ಅವನು ಸ್ವಯಂ ನಿವೃತ್ತಿ ತೆಗೆದುಕೊಂಡು ಊರು ಸೇರಿದ.

ಎರಡು ವರ್ಷದ ಮೇಲೆ ಬಸ್ತಿಹಳ್ಳಿಗೆ ಹೋದೆ. ಡಾಕ್ಟರು ಕೊಟ್ಟ ಕಿವಿಯ ಮಿಷಿನ್ನು ಬರೀ ಗದ್ದಲ ಎಂದು ಅವನು ತೆಗೆದಿಟ್ಟಿದ್ದ.

"ಫ್ಯಾಕ್ಟ್ರಿ ಹೆಂಗೈತ್ಲಾ?" ಎಂದು ಕಿರುಚಿದಂತೆ ಕೇಳಿದ.

"ಈಗ ಅಷ್ಟು ಸದ್ದಿಲ್ಲ," ಎಂದೆ. ಅವನಿಗೆ ತಿಳಿಯಲಿಲ್ಲ. ಹೆಂಡತಿ ಅವನೆದುರು ನಿಂತು ಕಿವಿ ಮುಟ್ಟಿ ಕೈಯಾಡಿಸಿದಾಗ ತಿಳಿಯಿತು.

"ಫ್ಯಾಕ್ಟ್ರಿಗೆ ಆ ಹೊಸ ಮಿಷಿನ್ನ ಮೊದ್ಲೇ ತರಬೌದಿತ್ತು," ಎಂದ.

ಮಗಳು ಜಗಲಿಯ ಮೇಲೆ ತನ್ನಷ್ಟಕ್ಕೆ ಏನೋ ಹಾಡಿಕೊಳ್ಳುತ್ತಿದ್ದಳು. ಅವಳ ತುಟಿಗಳನ್ನೇ ನೋಡುತ್ತ ಅವನು ಕೇಳಿದ, "ಇವಳ ದನಿ ಹೆಂಗೈತೋ? ಯಾರ ತರ ಐತೆ?"

ಅವನ ಅವ್ವನನ್ನು ನಾನು ಕಂಡಿದ್ದೆ, ಅವರ ಮಾತು ಕೇಳಿದ್ದೆ. ಒಳಗಿನ ಗೋಡೆಯಲ್ಲಿದ್ದ ಅವರ ಫೋಟೋದ ಕಡೆ ಕೈ ತೋರಿಸಿದೆ. ಅವನು ಟವಲಿನಿಂದ ಮುಖ ಮುಚ್ಚಿಕೊಂಡ. ಮಗು ಹೆದರಿ ಹಾಡು ನಿಲ್ಲಿಸಿತು.