ಸೊನ್ನೆ ಹೇಳದ ಗುಡ್ಡ

ನಮ್ಮ ಗುಡ್ಡದಲ್ಲಿ ಸ್ಪ್ರಿಂಕ್ಲರ್ ಜಗಳ ನಿಂತದ್ದು ನನ್ನ ಅಕ್ಕ ಬರೆದ ಪ್ರೋಗ್ರಾಮಿನಿಂದ ಎಂದು ಈಗ ಎಲ್ಲರೂ ಹೇಳುತ್ತಾರೆ. ಮದುವೆಮನೆಗಳಲ್ಲಿ ಬೇರೆ ಊರಿನ ನೆಂಟರ ಮುಂದೆ ಇದನ್ನು ಹೇಳುವಾಗ ನಮ್ಮವರ ಮುಖ ನೋಡಬೇಕು. ಕಂಪ್ಯೂಟರ್ ಇಟ್ಟಿಲ್ಲ, ಕಾಯುವವರಿಲ್ಲ, ಎಲ್ಲ ಕ್ಲೌಡಿನಲ್ಲೇ ಆಗುತ್ತದೆ, ಫೋನು ಯಾರ ಹೆಸರು ಹೇಳುತ್ತದೋ ಅವರಿಗೆ ಸೆಟ್ಟು, ಆಮೇಲೆ ಮಾತಿಲ್ಲ. ಈ ‘ಮಾತಿಲ್ಲ’ ಅನ್ನುವುದರ ಮೇಲೆ ನನ್ನ ತಕರಾರಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಿನವರು ಸುಮ್ಮನಾದರೆ ಒಪ್ಪಿಕೊಂಡರು ಎಂದು ಬರೆದುಕೊಳ್ಳುವ ತೀರ್ಪುಗಾರರನ್ನು ಕಂಡರೆ ನನಗೆ ಆಗಲೂ ಆಗುತ್ತಿರಲಿಲ್ಲ.

ಮೊದಲು ಸೆಟ್ಟಿನ ವಿಷಯ. ನಮ್ಮ ಗುಡ್ಡದ ಸಣ್ಣ ತೋಟಗಳಿಗೆಲ್ಲ ಇರುವುದು ಒಂದೇ ಕೆರೆ, ಎಲ್ಲರೂ ಸೇರಿ ಕೊಂಡ ಒಂದೇ ಇಂಜಿನ್ನು, ಒಂದಷ್ಟು ಪೈಪು, ಸ್ಪ್ರಿಂಕ್ಲರು. ಇಷ್ಟಕ್ಕೂ ಸೇರಿಸಿ ನಾವು ಸೆಟ್ಟು ಅನ್ನುವುದು. ಬೇಸಿಗೆ ಶುರುವಾಗುವಾಗ ರೊಬಸ್ಟಾ ಮೊಗ್ಗು ಅರಳಲು ಒಂದು ಗಟ್ಟಿ ಮಳೆ ಬೇಕು. ಬಾರದಿದ್ದರೆ ಸ್ಪ್ರಿಂಕ್ಲರಿನಲ್ಲಿ ಕೊಡಬೇಕು. ಏನೂ ಬಾರದಿದ್ದರೆ ಮೊಗ್ಗು ಸ್ವಲ್ಪ ದಿನ ಕಾಯುತ್ತದೆ. ನಾಲ್ಕು ಹನಿ ಬಿದ್ದು ನಿಂತರೆ ಮಾತ್ರ ಕಷ್ಟ. ಮೊಗ್ಗು ಮಳೆ ಬಂತೆಂದು ನಂಬಿ ಉಬ್ಬುತ್ತದೆ, ಬೇಗ ನೀರು ಸಿಗದಿದ್ದರೆ ಕೆಂಪಾಗಿ ಅಲ್ಲೇ ಒಣಗುತ್ತದೆ. ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು. ಹೆತ್ತೂರಿನ ಕಡೆಯಿಂದ ಬರುವ ಮೋಡ ನಮ್ಮ ಗುಡ್ಡ ಹತ್ತುವಷ್ಟರಲ್ಲಿ ಸುಸ್ತಾಗಿರುತ್ತದೆ. ಮೇಲಿನ ತೋಟಕ್ಕೆ ಸುರಿದದ್ದು ಆಲೂರಿನ ಕಡೆ ಮುಖ ಮಾಡಿದ ಓರೆಗೆ, ಅಂದರೆ ಇಳಿಜಾರಿಗೆ, ಬಿದ್ದೇ ಬೀಳುತ್ತದೆ ಅನ್ನುವಂತಿಲ್ಲ.

ಹಾಗಾಗಿ ಪ್ರತಿ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಎಲ್ಲರೂ ಅಂಗಳದ ಮಳೆಮಾಪಕ ನೋಡಿ ಫೋನು ಹಿಡಿಯುತ್ತಾರೆ. ಎಷ್ಟು ಸೆಂಟ್ ಬಂತು? ಇಂಚಿಗೆ ನೂರು ಸೆಂಟ್, ಇದು ಕಾಫಿ ನಾಡಿನ ಲೆಕ್ಕ. ಇದರಲ್ಲಿ ಒಂದು ಮರ್ಯಾದೆಯೂ ಉಂಟು. ಹೂವಿನ ಕಾಲದಲ್ಲಿ ನಮ್ಮ ಗುಡ್ಡದವರು ಯಾರೂ ‘ಮಳೆ ಇಲ್ಲ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಬರುವ ಮಳೆಯೂ ತಿರುಗಿ ಹೋದೀತು ಎಂಬ ಅಳುಕು. ‘ಇನ್ನೂ ನೋಡಿಲ್ಲ ಕಣ್ರಿ’ ಅನ್ನುತ್ತಾರೆ. ಕೇಳಿದವರಿಗೆ ಅರ್ಥವಾಗುತ್ತದೆ. ಇದನ್ನು ಮೂಢನಂಬಿಕೆ ಎಂದು ನಾನು ಮನೆಯಲ್ಲಿ ಎಷ್ಟೋ ಸಲ ವಾದಿಸಿದ್ದೇನೆ. ಗೆದ್ದಿಲ್ಲ.

ಅಕ್ಕ ಆಲೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಸೆಟ್ಟು ಮೊದಲು ಯಾರಿಗೆ ಎಂದು ವರ್ಷಾವರ್ಷ ಕೂಗಾಡುವುದನ್ನು ಕೇಳಿ ಬೇಸತ್ತು ಅವಳು ಒಂದು ವೆಬ್ ಎಪಿಐ ಬರೆದಳು. ಅದು ಕಚೇರಿಯ ಕೌಂಟರ್ ಇದ್ದಂತೆ ಎಂದು ನನಗೆ ವಿವರಿಸಿದಳು: ಫೋನು ಬಂದು ಸಂಖ್ಯೆ ಕೊಡುತ್ತದೆ, ಒಳಗಿನವನು ಬರೆದುಕೊಂಡು ಉತ್ತರ ಕೊಡುತ್ತಾನೆ. ವ್ಯತ್ಯಾಸ ಏನೆಂದರೆ ಒಳಗೆ ಯಾರೂ ದಿನವಿಡೀ ಕೂತಿರುವುದಿಲ್ಲ. ಬರೆದ ಕೋಡನ್ನು ಸಣ್ಣ ಫಂಕ್ಷನ್‌ಗಳಾಗಿ ಕ್ಲೌಡಿಗೆ ಏರಿಸಿಟ್ಟರೆ ಸಾಕು, ಕರೆದಾಗ ಏಳುತ್ತವೆ, ಕೆಲಸ ಮುಗಿಸಿ ಮಲಗುತ್ತವೆ. ಒಂದು ಫಂಕ್ಷನ್ ಮಳೆ ಬರೆದುಕೊಳ್ಳುವುದಕ್ಕೆ, ಇನ್ನೊಂದು ಎಂಟು ಗಂಟೆಗೆ ತಾನೇ ಎದ್ದು ಸರದಿ ಹೇಳುವುದಕ್ಕೆ. ಭಾನುವಾರ ಮೇಲಿನ ತೋಟದ ಮಾವನ ಕಣದಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಡಿಪ್ಲಾಯ್ ಮಾಡಿದಳು, ಅಂದರೆ ಕೋಡನ್ನು ಕ್ಲೌಡಿಗೆ ಏರಿಸಿದಳು. ಮೊದಲ ಉತ್ತರ ಬರಲು ಸ್ವಲ್ಪ ತಡವಾಯಿತು. ಮಲಗಿದ ಫಂಕ್ಷನ್ ಏಳಬೇಕಲ್ಲ.

“ಇದಕ್ಕೂ ಒಂದು ಲೋಟ ಕಾಫಿ ಕೊಡ್ಬೇಕೇನವ್ವ?” ಎಂದ ಮಾವ. ಕಣವೆಲ್ಲ ನಕ್ಕಿತು.

ನಿಯಮ ಸರಳವಾಗಿತ್ತು. ಎಲ್ಲಿ ಮಳೆ ಕಡಿಮೆಯೋ ಅಲ್ಲಿಗೆ ಮೊದಲು ಸೆಟ್ಟು. ಎಂಟು ಗಂಟೆಗೆ ಫೋನು ಹೇಳಿದ್ದೇ ಕೊನೆ, ಯಾರೂ ವಾದಿಸಕೂಡದು. ಎಲ್ಲರೂ ಕೈ ಎತ್ತಿದರು. ಯಾರಾದರೂ ಸಂಖ್ಯೆ ಕಳಿಸದಿದ್ದರೆ ಏನು ಎಂದು ನಾನು ಕೇಳಿದೆ. ಪಕ್ಕದ ತೋಟಗಳ ಸರಾಸರಿ ತೆಗೆದುಕೊಳ್ಳುತ್ತದೆ ಎಂದಳು ಅಕ್ಕ. “ಲಾಯರಮ್ಮಂಗೆ ಉತ್ತರ ಸಿಕ್ತು, ಕೂರಿಸ್ರೋ,” ಎಂದ ಮಾವ. ಕೂತೆ.

ಆ ಮಾರ್ಚಿನಲ್ಲಿ ಒಂದು ಸಂಜೆ ಗುಡ್ಡಕ್ಕೆಲ್ಲ ತೆಳುವಾಗಿ ಹನಿ ಬಿತ್ತು. ಮೊಗ್ಗು ಉಬ್ಬಿತು. ಮರುರಾತ್ರಿ ಮಳೆ ಮತ್ತೆ ಬಂದು ಅಲ್ಲಲ್ಲಿ ಬಿದ್ದು ಹೋಯಿತು. ಬೆಳಿಗ್ಗೆ ಒಬ್ಬೊಬ್ಬರೇ ಸಂಖ್ಯೆ ಕಳಿಸಿದರು. ಎಂಟಕ್ಕೆ ಸರದಿ ಬಂತು: ಮೊದಲು ಮೇಲಿನ ತೋಟದ ಮಾವ, ಅವನಿಗೂ ಸಾಲುವಷ್ಟು ಬಿದ್ದಿರಲಿಲ್ಲ. ಓರೆಯ ತೋಟದ ಅತ್ತೆ ಎಲ್ಲೋ ಕೊನೆಯ ಹತ್ತಿರ. ಒಬ್ಬರೇ ತೋಟ ನೋಡಿಕೊಳ್ಳುವ ಹೆಂಗಸು, ಇರುವುದೆಲ್ಲ ಆ ಒಂದು ಓರೆ. ಹನ್ನೊಂದರ ಹೊತ್ತಿಗೆ ಅವರು ನಮ್ಮ ಜಗಲಿಗೆ ಬಂದರು. ಕೈಯಲ್ಲಿ ಕಾಫಿ ಗಿಡದ ಒಂದು ರೆಕ್ಕೆ, ಅಂದರೆ ಅಡ್ಡಕೊಂಬೆ, ಇತ್ತು, ಮೊಗ್ಗಿನ ತುದಿ ಆಗಲೇ ಗುಲಾಬಿ.

ಅಕ್ಕ ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಪಟ್ಟಿಯಲ್ಲಿ ಅವರ ಹೆಸರಿನ ಸಾಲಿನಲ್ಲಿ ಒಳ್ಳೆಯ ಮಳೆ ಇತ್ತು. ಅದು ಪಕ್ಕದವರ ಸರಾಸರಿ.

“ನಿಮ್ಮ ಫೋನಿಂದ ಏನೂ ಬಂದಿಲ್ಲ ಅತ್ತೆ.”

“ಬಂದಿಲ್ಲ ಅಂದ್ರೇನೇ ಗೊತ್ತಾಗ್ಬೇಕಲ್ವೇನವ್ವ,” ಎಂದರು ಅತ್ತೆ. “ಬಾಯಲ್ಲಿ ಹೇಳ್ದೇ ಇರೋದನ್ನ ಬೆರಳಲ್ಲಿ ಹೆಂಗೆ ಒತ್ಲಿ?”

ಅಕ್ಕನ ಮುಖ ನೋಡಲಾಗಲಿಲ್ಲ. ಇದೇ ಗುಡ್ಡದಲ್ಲಿ ಹುಟ್ಟಿದವಳು, ‘ಇನ್ನೂ ನೋಡಿಲ್ಲ’ ಎಂದು ತಾನೇ ನೂರು ಸಲ ಹೇಳಿದವಳು. ಫಂಕ್ಷನ್ ತಪ್ಪು ಮಾಡಿರಲಿಲ್ಲ. ಕರೆಯದವರ ವಿಷಯ ಅದಕ್ಕೆ ತಿಳಿಯುವ ದಾರಿಯೇ ಇರಲಿಲ್ಲ, ಅಷ್ಟೇ.

ಮೂವರೂ ಮೇಲಿನ ತೋಟಕ್ಕೆ ಹೋದೆವು. ಪೈಪು ಎಳೆದಾಗಿತ್ತು, ಇಂಜಿನ್ನು ಓಡುತ್ತಿತ್ತು. ಅಕ್ಕ ಲೆಕ್ಕ ತಪ್ಪಾಗಿದೆ ಎಂದಳು. ಮಾವ ಅತ್ತೆಯ ಕೈಯಲ್ಲಿದ್ದ ರೆಕ್ಕೆ ತೆಗೆದುಕೊಂಡು ತಿರುಗಿಸಿ ನೋಡಿದ. ಆಮೇಲೆ ತನ್ನದೇ ಗಿಡದಿಂದ ಒಂದು ರೆಕ್ಕೆ ಮುರಿದು ಅಕ್ಕನ ಕೈಗಿಟ್ಟ. ಅದರ ತುದಿಯೂ ಗುಲಾಬಿಯೇ.

“ವಾದ ಮಾಡ್ಬಾರ್ದು ಅಂತ ಕೈ ಎತ್ತಿಸ್ದೋಳು ನೀನೇ ಕಣಮ್ಮ. ಈಗ ನಾನು ಬುಟ್ಟುಕೊಟ್ರೆ ನಂದು ಒಣಗ್ತೈತೆ, ಕೊಡ್ದಿದ್ರೆ ಇವ್ರದ್ದು. ಯಾವುದು ಅಂತ ನೀನೇ ಹೇಳು.”

ನಾನು ವಾದಕ್ಕೆ ಇಳಿದೆ. ಅವನ ತೋಟಕ್ಕೆ ರಾತ್ರಿ ಅಷ್ಟಾದರೂ ಬಿದ್ದಿದೆ, ಓರೆಗೆ ಏನೂ ಇಲ್ಲ, ತಪ್ಪು ಲೆಕ್ಕಕ್ಕೆ ಕೈ ಎತ್ತಿದ್ದು ಲೆಕ್ಕಕ್ಕಿಲ್ಲ, ಹೀಗೆ. ಮಾವ ಕೊನೆಯವರೆಗೂ ಕೇಳಿದ. ನಾನು ಗೆದ್ದೆನೋ ಇಲ್ಲವೋ ಗೊತ್ತಿಲ್ಲ. ಅತ್ತೆ ಇಂಜಿನ್ನಿನ ಹತ್ತಿರ ಕಲ್ಲಿನ ಮೇಲೆ ಕೂತಿದ್ದರು. ಮಾವ ತನ್ನ ತೋಟದ ಅರ್ಧ ಮುಗಿಸಿ, ಮರುದಿನ ತಾನೇ ನಿಂತು ಪೈಪನ್ನು ಓರೆಗೆ ಇಳಿಸಿದ.

ಕೆಲವು ದಿನಗಳಾದ ಮೇಲೆ ಗುಡ್ಡವೆಲ್ಲ ಬೆಳ್ಳಗೆ ಹೂ ಬಿಟ್ಟಿತು, ಜೇನು ಮೊರೆಯಿತು. ಅತ್ತೆಯ ತೋಟದಲ್ಲಿ ಮೇಲಿನ ಅರ್ಧ ಬಿಳಿ, ಕೆಳಗಿನ ಅರ್ಧ ಕಂದು. ಮಾವನ ತೋಟದಲ್ಲೂ ಒಂದು ಅಂಚು ಕಂದಾಗಿಯೇ ಉಳಿಯಿತು, ಅದನ್ನು ಅವನು ಯಾರಿಗೂ ತೋರಿಸಲಿಲ್ಲ. ಆ ವರ್ಷ ಜಗಳ ಆಗಲಿಲ್ಲ, ನಿಜ. ಜಗಳ ಆಗಿದ್ದರೆ ಬೆಳಿಗ್ಗೆ ಎಂಟಕ್ಕೇ ಯಾರೋ ಅತ್ತೆಗೆ ಫೋನು ಮಾಡಿ ಕೇಳಿರುತ್ತಿದ್ದರು. ಮದುವೆಮನೆಯ ಕತೆಯಲ್ಲಿ ಈ ಭಾಗ ಬರುವುದಿಲ್ಲ.

ಅಕ್ಕ ಸರಾಸರಿಯನ್ನು ತೆಗೆದುಹಾಕಿ ಮತ್ತೆ ಡಿಪ್ಲಾಯ್ ಮಾಡಿದ್ದಾಳೆ. ಸಂಖ್ಯೆ ಬಾರದಿದ್ದರೆ ಸೊನ್ನೆ ಎಂದುಕೊಳ್ಳಲಿ ಎಂದು ಯಾರೋ ಅಂದರು. ಹಾಗಾದರೆ ಫೋನು ಮನೆಯಲ್ಲಿ ಮರೆತು ಹೋದವನಿಗೇ ಮೊದಲ ಸರದಿ ಎಂದೆ. ಈಗ ಯಾರ ಸಾಲು ಖಾಲಿಯೋ ಅವರ ಪಕ್ಕದ ತೋಟಕ್ಕೆ ಒಂದು ಮೆಸೇಜು ಹೋಗುತ್ತದೆ: ಹೋಗಿ ನೋಡಿ ಬನ್ನಿ. ಅತ್ತೆಯ ಪಕ್ಕದ ತೋಟ ನಮ್ಮದು.

ಈ ವರ್ಷ ಮೊದಲ ಹನಿ ಬಿದ್ದ ಮರುದಿನ ನನ್ನ ಫೋನಿಗೆ ಮೆಸೇಜು ಬಂತು. ಬೇಲಿ ದಾಟಿ ಹೋದೆ. ಅತ್ತೆ ಅಂಗಳದಲ್ಲಿ ಮಳೆಮಾಪಕದ ಪಕ್ಕವೇ ನಿಂತಿದ್ದರು, ಫೋನು ಸೆರಗಿನಲ್ಲಿತ್ತು. ಮಾಪಕದ ಒಣಗಿದ ತಳ ನನಗೂ ಕಾಣುತ್ತಿತ್ತು. ನನ್ನನ್ನು ನೋಡಿ, ಇನ್ನೂ ನೋಡಿಲ್ಲ ಕಣವ್ವ ಎಂದರು. ನಾನು ಅವರ ಸಾಲಿಗೆ ಸೊನ್ನೆ ಒತ್ತಿ ಕಳಿಸಿದೆ. ಅತ್ತೆ ಆ ಕಡೆ ಮುಖ ತಿರುಗಿಸಿ ನಿಂತರು, ನಾನೇನು ಮಾಡಿದೆ ಎಂದು ತಮಗೆ ಗೊತ್ತೇ ಇಲ್ಲ ಅನ್ನುವ ಹಾಗೆ.

“ಅತ್ತೆ, ಅರ್ಧ ತೋಟ ಹೋದ್ಮೇಲೂ ನೀವು ಒತ್ತಲಿಲ್ವಲ್ಲ, ಇವತ್ತು ನಾನು ಬರದೇ ಇದ್ದಿದ್ರೆ ಏನ್ ಮಾಡ್ತಿದ್ರಿ?”