ನಾನು ಬಿಡದ ಮಾತ್ರೆ

ಗುಬ್ಬಿಯಲ್ಲಿರುವ ಅಕ್ಕನ ಮನೆಯಿಂದ ಬಂದ ಮರುದಿನ ನನ್ನ ಎಡಗಾಲಿನ ಮೀನಖಂಡ ಊದಿಕೊಂಡಿತು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ವೈದ್ಯರು ರಕ್ತ ತೆಳುವಾಗುವ ಮಾತ್ರೆ ಬರೆದುಕೊಟ್ಟರು. ನಾನು ಮಠದ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು ಬೆಳೆದವನು. ಶೆಟ್ಟಿಹಳ್ಳಿಯ ಮನೆಯಲ್ಲೂ ಸ್ನಾನ, ಲಿಂಗಪೂಜೆ, ತಿಂಡಿ ಒಂದು ದಿನ ಹಿಂದೆಮುಂದೆ ಆದದ್ದಿಲ್ಲ. ಮಾತ್ರೆಯೂ ಆ ಸಾಲಿಗೆ ಸೇರಿತು.

ಆದರೂ ಬಲಗಾಲು ಊದಿತು. ಅದು ಇಳಿಯುವ ಮೊದಲೇ ಮುಂಗೈಯಲ್ಲಿ ಒಂದು ನರ ಕೆಂಪಗಾಗಿ ಹಗ್ಗದಂತೆ ಗಟ್ಟಿಯಾಯಿತು. ಮಾತ್ರೆ ತಪ್ಪಿಸಿದಿರಾ ಎಂದು ವೈದ್ಯರು ಕೇಳಿದರು. ಇಲ್ಲ ಎಂದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ, "ಸೋಮವಾರ ಉಪವಾಸ ಇರ್ತಾರೆ ಸಾರ್. ಅವತ್ತು ಬಿಟ್ಟಿರ್ತಾರೆ," ಎಂದಳು. ಉಪವಾಸದ ದಿನ ಪೂಜೆ ಮುಗಿಸಿ ತೀರ್ಥದ ಜೊತೆ ನುಂಗುತ್ತಿದ್ದೆ. ಹಾಗೆಂದು ಹೇಳಿದೆ. ವೈದ್ಯರು ಅವಳ ಮುಖ ನೋಡಿದರು.

ಮಾತ್ರೆಯಿಂದ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ ನೋಡಬೇಕೆಂದು ಬಾಯಿಂದ ಹೊಟ್ಟೆಗೆ ಪೈಪ್ ಇಳಿಸಿದರು. ವರದಿ ಕೇಳಲು ಕುಣಿಗಲ್‌ನಲ್ಲಿ ಟೀಚರಾಗಿರುವ ಮಗಳು ಬಂದಳು. ಅವಳನ್ನೂ ಹೆಂಡತಿಯನ್ನೂ ಒಳಗೆ ಕರೆದು ನನ್ನನ್ನು ಹೊರಗೆ ಕೂರಿಸಿದರು. ಆಮೇಲೆ ಮಾತ್ರೆ ನಿಂತು, ಹೊಟ್ಟೆಯ ಚರ್ಮಕ್ಕೆ ದಿನಾ ಇಂಜೆಕ್ಷನ್ ಶುರುವಾಯಿತು. ನೀವು ಮಾತ್ರೆ ಸರಿಯಾಗಿ ತಗೊಳ್ಳದ್ದಕ್ಕೇ ಇದು ಎಂದಳು ಮಗಳು. ನೋಡಲು ಬಂದ ಅಕ್ಕನಿಗೂ ಹೆಂಡತಿ ಅದನ್ನೇ ಹೇಳಿದಳು.

"ಏನ್ಲಾ, ನಿನ್ ಹಾಸ್ಟೆಲ್ ಶಿಸ್ತು ಎಲ್ಲೋಯ್ತು?" ಎಂದು ಅಕ್ಕ ನಕ್ಕಳು. ನಾನು ಅರ್ಧ ಊಟಕ್ಕೇ ಎದ್ದೆ.

ಮುಂದಿನ ಸಲ ಆಸ್ಪತ್ರೆಗೆ ಒಬ್ಬನೇ ಹೋದೆ. ತಪ್ಪದೆ ನುಂಗಿದರೂ ಮಾತ್ರೆ ಕೆಲಸ ಮಾಡದೆ ಇರಬಹುದೇ ಎಂದು ಕೇಳಿದೆ. ನನಗೆ ಎಲ್ಲ ಗೊತ್ತಿದೆ ಎಂದುಕೊಂಡಿದ್ದ ವೈದ್ಯರು ನಿಧಾನವಾಗಿ ವಿವರಿಸಿದರು. ಜಠರದ ಕ್ಯಾನ್ಸರ್, ಲೋಳೆ ಸುರಿಸುವ ಜಾತಿಯದು. ಅಂಥದ್ದು ಒಳಗಿದ್ದರೆ ರಕ್ತ ಇಲ್ಲಿ ಕರಗಿದರೆ ಅಲ್ಲಿ ಹೆಪ್ಪುಗಟ್ಟುತ್ತದೆ, ಮಾತ್ರೆಗೆ ಬಗ್ಗದೆಯೂ ಇರಬಹುದು.

"ನಿಮ್ ತಪ್ಪೇನೂ ಇಲ್ಲ. ಮನೆಯವ್ರಿಗೆ ಅವತ್ತೇ ಹೇಳಿದೀನಿ," ಎಂದರು.

ಅವತ್ತು ಎಂದರೆ ನನ್ನನ್ನು ಹೊರಗೆ ಕೂರಿಸಿದ ದಿನ.

ಮನೆಗೆ ಬಂದು, ಗೊತ್ತಿದ್ದೂ ತಪ್ಪು ನನ್ನ ಮೇಲೇಕೆ ಹಾಕಿದೆ ಎಂದು ಹೆಂಡತಿಯನ್ನು ಕೇಳಿದೆ.

"ನಿಮ್ ತಪ್ಪು ಅಂದ್ರೆ ತಿದ್ಕೋಬಹುದಿತ್ತಲ್ಲ ರೀ," ಎಂದಳು.

"ಅಕ್ಕಂಗೆ ಫೋನ್ ಮಾಡು. ನಾನು ಮಾತ್ರೆ ಬಿಟ್ಟಿರ್ಲಿಲ್ಲ ಅಂತ ಹೇಳು."

"ಹಂಗಾದ್ರೆ ಕಾಯಿಲೆ ವಿಷ್ಯಾನೂ ಹೇಳ್ಬೇಕಾಗುತ್ತೆ."

"ಹೇಳು. ಮೊದ್ಲು ಮಾತ್ರೆ ವಿಷ್ಯ ಹೇಳು."

ಅವಳು ಫೋನ್ ಎತ್ತಿಕೊಂಡಳು. ನಾನು ಎದುರಿಗೇ ಕೂತೆ.