ಎಳೆಯೋ ಕುದುರೆ

ಹಗರಿಬೊಮ್ಮನಹಳ್ಳಿಯ ರೈಲ್ವೆ ಸ್ಟೇಷನ್ನಿನ ಹಿಂದೆ ಪಿಸ್ತೂಲು ತಯಾರಾಗುತ್ತವೆ ಎಂದರೆ ಹೊರಗಿನವರು ಬೆಚ್ಚಿಬೀಳಬಹುದು. ಬೀಳಲಿ ಬಿಡಿ. ದಾವಲ್ ಸಾಬರು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮಾಡುವುದು ಮಕ್ಕಳ ಕೇಪಿನ ಪಿಸ್ತೂಲು. ದೀಪಾವಳಿಗೆ ಠಪ್ ಎನ್ನುತ್ತದೆ, ಅಷ್ಟೇ. ಆದರೆ ಸಾಬರ ಗತ್ತು ನೋಡಿದರೆ ಸರ್ಕಾರದ ಕಾರ್ಖಾನೆಯನ್ನೇ ನಡೆಸುತ್ತಿದ್ದಾರೇನೋ ಅನ್ನಬೇಕು. ಮುಂಗಾರು ಶುರುವಾಗುತ್ತಲೇ ಈ ವರ್ಷ ಎಷ್ಟು ಮಾಲು, ಏನು ರೇಟು ಎಂದು ಗೊತ್ತುಮಾಡುವವರು ಅವರೊಬ್ಬರೇ. ಅವರ ಬಾಯಿಂದ ಬಂದ ರೇಟಿಗೆ ಚೌಕಾಶಿ ಇಲ್ಲ. ಬೇಕಾದರೆ ತಗೊಳ್ಳಿ, ಬೇಡವಾದರೆ ಚಹಾ ಕುಡಿದು ಹೋಗಿ.

ಪಿಸ್ತೂಲಿನಲ್ಲಿ ಬೆರಳಿಂದ ಎಳೆದರೆ ಕೇಪಿಗೆ ಬಡಿಯುವ ತುಣುಕಿಗೆ ಕುದುರೆ ಎನ್ನುತ್ತಾರೆ. ಅದನ್ನು ಕೂರಿಸುವುದು ಕೊನೆಯ ಕೆಲಸವಾದ್ದರಿಂದ ಸಾಬರ ಮನೆಯಲ್ಲಿ ಮಾಲಿನ ಲೆಕ್ಕವೂ ಕುದುರೆಯಲ್ಲೇ. ಇವತ್ತು ಎಷ್ಟು ಕುದುರೆಯಾದವು ಎಂದು ಹೆಂಡತಿ ಲಾಲ್ ಬೀ ಕೇಳಿದರೆ ಎಷ್ಟು ಪಿಸ್ತೂಲು ಮುಗಿದವು ಎಂದರ್ಥ. ನೆರೆಯವರಿಗೆ ಇದು ತಮಾಷೆ, ಅವರಿಗೆ ನಿತ್ಯದ ಮಾತು.

ಎರಡು ವರ್ಷದಿಂದ ಪ್ಲಾಸ್ಟಿಕ್ ಪಿಸ್ತೂಲು ಬಂದು ಸಾಬರ ಮಾಲು ಅಂಗಡಿಗಳಲ್ಲಿ ಧೂಳು ತಿನ್ನುತ್ತಿತ್ತು. ಈ ಸಲವೂ ಆರ್ಡರ್ ಬರದಿದ್ದರೆ ಕತ್ತರಿ ಕೆಳಗಿಡುವುದೇ ಎಂದು ಅವರು ಒಳಗೊಳಗೇ ಕುದಿಯುತ್ತಿದ್ದರು. ಅಷ್ಟರಲ್ಲಿ ಕೊಟ್ಟೂರಿನ ಆಟಿಕೆ ಅಂಗಡಿಯ ಪಾಲಾಕ್ಷಪ್ಪ ಫೋನ್ ಮಾಡಿದ. ಸಾಬರು ನಮಾಜಿಗೆ ಹೋಗಿದ್ದರು, ಲಾಲ್ ಬೀ ಎತ್ತಿದಳು. ಎಳೆಯುವ ಕುದುರೆ ಐನೂರು ಬೇಕು, ಎಳೆದರೆ ಸರಾಗವಾಗಿ ಬರಬೇಕು ಎಂದ. ಲಾಲ್ ಬೀಗೆ ಖುಷಿ ತಡೆಯಲಾಗಲಿಲ್ಲ, ಮಸೀದಿಯ ಗೇಟಿನವರೆಗೆ ಹೋಗಿ ಗಂಡನಿಗೆ ಸುದ್ದಿ ಮುಟ್ಟಿಸಿದಳು.

ಸಾಬರಿಗೆ ವಯಸ್ಸೇ ಇಳಿದಂತಾಯಿತು. ಐನೂರು ಪಿಸ್ತೂಲು ಮಾಡುವುದು, ರೇಟು ಅರವತ್ತಕ್ಕೆ ಏರಿಸುವುದು, ಕುದುರೆಗೆ ಹೊಸ ಸ್ಪ್ರಿಂಗು ಹಾಕುವುದು ಎಂದು ನಿಶ್ಚಯಿಸಿದರು. ಬೆರಳಿಟ್ಟರೆ ಸಾಕು, ತಾನೇ ಹಿಂದೆ ಬರಬೇಕು! ಬೆರಳಿನ ಚರ್ಮ ಸುಲಿದರೂ ಹಿಡಿದ ಕೆಲಸ ಬಿಡಲಿಲ್ಲ.

ಮಾಲು ಒಯ್ಯಲು ಪಾಲಾಕ್ಷಪ್ಪ ಲಗೇಜ್ ಆಟೊದಲ್ಲಿ ಬಂದ. ಚೀಲ ಬಿಚ್ಚಿ ನೋಡಿದವನು, ಇವು ಇರಲಿ, ಕುದುರೆ ಎಲ್ಲಿ ಎಂದ. ಸಾಬರು ಒಂದು ಪಿಸ್ತೂಲು ಎತ್ತಿ ಕುದುರೆ ಎಳೆದು ತೋರಿಸಿದರು.

"ಸಾಬ್ರ, ನಾ ಹೇಳಿದ್ದು ಗಾಲಿ ಇರೋ ಕುದುರಿ. ಹುಡುಗ್ರು ದಾರ ಕಟ್ಟಿ ಎಳಕಂಡು ಹೋಗ್ತಾರಲ್ಲ, ಅದು. ಪಿಸ್ತೂಲು ಈಗ ಯಾರು ಕೇಳ್ತಾರ್ರಿ?"

ಲಾಲ್ ಬೀ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಫೋನ್ ಎತ್ತಿದವಳು ತಾನು, ತಪ್ಪೂ ತನ್ನದೇ ಎಂದುಕೊಂಡಳು. ಪಾಲಾಕ್ಷಪ್ಪನೂ ಪೆಚ್ಚಾದ. ಕಟುಕನೇನಲ್ಲ ಅವನು, ಅರ್ಧ ಮಾಲು ಹಳೇ ರೇಟಿಗೆ ಒಯ್ಯುತ್ತೇನೆ, ಹೇಗೋ ದಾಟಿಸುತ್ತೇನೆ ಎಂದ. ಸಾಬರಿಗೆ ಅದು ಕೆನ್ನೆಗೆ ಹೊಡೆದಷ್ಟು ಉರಿಯಿತು. ಯಾರ ದಯೆಗೂ ಮಾಲು ಕೊಡುವುದಿಲ್ಲ ಎಂದವರೇ ಕತ್ತರಿ ತೆಗೆದುಕೊಂಡು ತಗಡಿನ ಮುಂದೆ ಕೂತರು.

ಬದುಕೆಲ್ಲ ಕುದುರೆ ಮಾಡಿದ ಕೈಗೆ ನಾಲ್ಕು ಕಾಲಿನ ಕುದುರೆ ಒಲಿಯಲಿಲ್ಲ. ಕತ್ತು ಉದ್ದವಾಯಿತು, ಹೊಟ್ಟೆ ಕತ್ತೆಯದಾಯಿತು. ಡಬ್ಬಿಯ ಮುಚ್ಚಳಗಳೇ ಗಾಲಿಯಾದವು. ದಾರ ಕಟ್ಟಿ ಎಳೆದರೆ ಕುಂಟುತ್ತ ಬಂತು, ಆದರೆ ಬಂತು.

ಪಾಲಾಕ್ಷಪ್ಪ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. "ಇದಕ್ಕ ರೇಟು ಹೇಳ್ರಿ" ಎಂದ.

ಸಾಬರು ತಗಡಿನ ಚೂರುಗಳನ್ನು ಒಂದೆಡೆ ಗುಡ್ಡೆ ಹಾಕಿದರು. ಕೊನೆಗೆ ತಲೆ ಎತ್ತದೆಯೇ ಅಂದರು: "ನೀವ ಹೇಳ್ರಿ."